ಮಾಡರೇಟರಮ್ಮನ ಆಲ್ಟರೇಷನ್

ಹೊಸ ಬಟ್ಟೆ ಹೊಲಿಸಲು ಅವಳ ಹತ್ತಿರ ಯಾರೂ ಬರುತ್ತಿರಲಿಲ್ಲ. ಬರುವವರೆಲ್ಲ ಬೇರೆಯವರು ಕೆಡಿಸಿದ್ದನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವವರೇ. ಸೊಂಟ ಬಿಗಿಯಾದ ಪ್ಯಾಂಟು, ಬೆರಳು ಮುಚ್ಚುವ ತೋಳು, ಅಣ್ಣನಿಂದ ತಮ್ಮನಿಗೆ ಇಳಿದ ಶರ್ಟು. ಬಸ್ ನಿಲ್ದಾಣದ ಹಿಂದೆ, ಬೀಗದ ಕೈ ಮಾಡುವವನ ಗೂಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಅವಳ ಆಲ್ಟರೇಷನ್ ಅಂಗಡಿ. ಎರಡು ಹೊಲಿಗೆ ಮೆಷಿನ್ನು ಹಿಡಿಸುವಷ್ಟು ಅಗಲ. ಒಂದರ ಮುಂದೆ ಅವಳು. ಇನ್ನೊಂದು ಕೆಟ್ಟು ಕೂತಿದ್ದರಿಂದ ಅದರ ಮೇಲೆ ಟೀ ಫ್ಲಾಸ್ಕು. ಬಾಗಿಲ ಬೆಳಕಿಗೆ ಕುರ್ಚಿ ಹಾಕಿಕೊಂಡು ಅತ್ತೆ. ಅತ್ತೆಯ ಕೆಲಸ ಹೊಲಿಗೆ ಬಿಚ್ಚುವುದು. ಬಿಚ್ಚುತ್ತ ಬಿಚ್ಚುತ್ತ ಆ ಹೊಲಿಗೆ ಹಾಕಿದವನ ಜನ್ಮ ಜಾಲಾಡುವುದು ಸಂಬಳವಿಲ್ಲದ ಹೆಚ್ಚುವರಿ ಕೆಲಸ.

ಇಂಥವಳು ಮಾಡರೇಟರ್ ಆದದ್ದು ನೂಲಿನ ಸಾಹುಕಾರರ ದೆಸೆಯಿಂದ. ದರ್ಜಿಗಳಿಗೆಲ್ಲ ನೂಲು, ಜಿಪ್ಪು ಒದಗಿಸುವ ಆ ಮನುಷ್ಯ ಇಂಟರ್‌ನೆಟ್ಟಿನಲ್ಲಿ ದರ್ಜಿಗಳಿಗೆಂದೇ ಒಂದು ಚರ್ಚಾಕಟ್ಟೆ ತೆರೆದಿದ್ದರು. ಯಾರು ಏನೇ ಬರೆದರೂ ಅದು ಮೊದಲು ಮಾಡರೇಟರ್ ಹತ್ತಿರ ಬಂದು ಸಾಲಿನಲ್ಲಿ ನಿಲ್ಲಬೇಕು. ಅವರು ಓದಿ ಒಪ್ಪಿದರೆ ಕಟ್ಟೆಗೆ, ಇಲ್ಲದಿದ್ದರೆ ಕಸದ ಬುಟ್ಟಿಗೆ. ಹಿಂದಿನ ಮಾಡರೇಟರ್, ಗುಂಡಿಗೆ ಕಾಜಾ ಹಾಕುವ ಒಬ್ಬ ಸಾಧು ಮನುಷ್ಯ, ನಿದ್ದೆಯಲ್ಲೂ ಬೈಗುಳ ಕೇಳಿಸುತ್ತದೆ ಎಂದು ಕೈಮುಗಿದು ಓಡಿಹೋಗಿದ್ದ.

“ನೋಡಮ್ಮಾ, ಹೇಗಾದ್ರೂ ಮಾಡಿ ಜಗಳ ನಿಲ್ಸು. ಇಲ್ಲಾಂದ್ರೆ ಕಟ್ಟೆಗೆ ಬೀಗ ಜಡಿದು ನಾನು ನನ್ನ ನೂಲು ಮಾರ್ಕೊಂಡಿರ್ತೀನಿ” ಅಂದಿದ್ದರು ಸಾಹುಕಾರರು.

ಅವಳು ಒಪ್ಪಿಕೊಂಡಳು. ಬೀದಿಯಲ್ಲಿ ಎದುರಾದರೆ ತಲೆ ಕೂಡ ಆಡಿಸದ ದೊಡ್ಡ ದೊಡ್ಡ ಮಾಸ್ತರರು ಈಗ ಅವಳ ಒಂದು ಒಪ್ಪಿಗೆಗೆ ಕಾಯುತ್ತಾರೆಂದರೆ ಸುಮ್ಮನೆಯೇ? ಆ ದಿನ ಅವಳು ಮೂರು ಪ್ಯಾಂಟುಗಳನ್ನು ಹಾಡು ಗುನುಗುತ್ತಲೇ ಗಿಡ್ಡ ಮಾಡಿದಳು. ಒಂದನ್ನು ತುಸು ಹೆಚ್ಚೇ ಗಿಡ್ಡ ಮಾಡಿದಳೆಂದು ಆಮೇಲೆ ತಿಳಿಯಿತು.

ಜಗಳವೆಲ್ಲ ಇಬ್ಬರದು. ಒಬ್ಬರು ಕೋಟು ಮಾಸ್ತರು, ಇನ್ನೊಬ್ಬರು ಫ್ರಾಕು ಮಾಸ್ತರು. ಒಬ್ಬರು ಇನ್ನೊಬ್ಬರ ಮುಖ ಕಂಡವರಲ್ಲ, ದನಿ ಕೇಳಿದವರಲ್ಲ. ಹೊಲಿದ ಮೇಲೆ ಕುಗ್ಗದಿರಲು, ಕತ್ತರಿಸುವ ಮೊದಲು ಬಟ್ಟೆಯನ್ನು ನೀರಲ್ಲಿ ನೆನೆಸಲೇಬೇಕು ಎಂದು ಕೋಟು ಮಾಸ್ತರು. ಇಸ್ತ್ರಿಯ ಹಬೆ ಕೊಟ್ಟರೆ ಧಾರಾಳ ಸಾಕು ಎಂದು ಫ್ರಾಕು ಮಾಸ್ತರು. ಇಷ್ಟೇ ವಿಷಯ. ಆದರೆ ಈ ಇಷ್ಟರಲ್ಲೇ ಇಬ್ಬರೂ ಒಬ್ಬರ ವಂಶವನ್ನು ಇನ್ನೊಬ್ಬರು ನೆನೆಸಿ, ಹಿಂಡಿ, ಹಗ್ಗಕ್ಕೆ ಹಾಕಿದ್ದರು.

ಮೊದಮೊದಲು ಅವಳು ತಡೆದು ನೋಡಿದಳು. ತಡೆದದ್ದು ಎರಡರಷ್ಟು ಉದ್ದವಾಗಿ, “ನನ್ನನ್ನು ತಡೆದ ಕತ್ತೆ ಯಾವುದು?” ಎಂಬ ಬಾಲಂಗೋಚಿಯ ಸಮೇತ ವಾಪಸು ಬಂತು. ಆಗ ಕಣ್ಣಿಗೆ ಬಿದ್ದದ್ದು ಪರದೆಯ ಮೂಲೆಯಲ್ಲಿದ್ದ ‘ತಿದ್ದು’ ಎಂಬ ಗುಂಡಿ. ಮಾಡರೇಟರಿಗೆ ಬಿಡುವುದು, ತಡೆಯುವುದು ಎರಡೇ ಗೊತ್ತು ಎಂದು ಸದಸ್ಯರು ನಂಬಿದ್ದರು. ಈ ಮೂರನೆಯದು ಅವಳಿಗೆ ಮಾತ್ರ ಕಾಣುವಂಥದ್ದು.

ಕೈಗೆ ಬಂದ ಬಟ್ಟೆ ಮೈಗೆ ಸರಿಹೋಗದಿದ್ದರೆ ಬಿಸಾಡುವವರು ಉಂಟೇ? ಇಲ್ಲಿ ಒಂದಿಷ್ಟು ಹಿಡಿದು, ಅಲ್ಲಿ ಒಂದಿಷ್ಟು ಬಿಟ್ಟು ಸರಿಮಾಡುವುದಲ್ಲವೇ ಅವಳ ಹೊಟ್ಟೆಪಾಡು!

ಕೋಟು ಮಾಸ್ತರು ಬರೆದಿದ್ದರು: “ನಿಮ್ಮ ಕೆಲಸ ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ, ನಕ್ಕು ನಕ್ಕು.” ಅವಳು ಕೊನೆಯ ಎರಡು ಪದ ಕತ್ತರಿಸಿದಳು. ಫ್ರಾಕು ಮಾಸ್ತರು ಬರೆದಿದ್ದರು: “ನೀವು ಹೊಲಿದ ಕೋಟು ತೊಟ್ಟವನಿಗೆ ಎತ್ತಿದ ಕೈ ಇಳಿಸಲಾಗದೆ, ಶರಣಾದ ಕಳ್ಳನೆಂದು ಪೊಲೀಸರು ಹಿಡಿದರಂತೆ.” ಅವಳು ಪಕ್ಕ ಹಿಡಿದು, ತುದಿ ಮಡಚಿ, “ನೀವು ಹೊಲಿದ ಕೋಟು ತೊಟ್ಟವನನ್ನು ಪೊಲೀಸರೂ ನಿಂತು ನೋಡಿದರಂತೆ” ಎಂದು ಕಳಿಸಿದಳು. ಆದಷ್ಟೂ ಅವರದೇ ಬಟ್ಟೆ. ಹೊರಗಿನ ತೇಪೆ ಹಾಕಬಾರದೆಂಬುದು ಅವಳ ನೇಮ.

ಈ ಗುಟ್ಟು ಗೊತ್ತಿದ್ದದ್ದು ಅತ್ತೆಯೊಬ್ಬರಿಗೇ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಅವಳು ಮೂಲವನ್ನು ಓದುವುದು, ಅತ್ತೆ ಹೊಟ್ಟೆ ಹಿಡಿದು ನಗುವುದು, ಆಮೇಲೆ ಅವಳು ಕತ್ತರಿಸುವುದು, ಅತ್ತೆ ಹೊಟ್ಟೆ ಉರಿದುಕೊಳ್ಳುವುದು.

“ಅಯ್ಯೋ ಪಾಪಿ, ಎಂಥಾ ಚೆನ್ನಾಗಿತ್ತೇ ಅದು! ಒಂದೊಂದು ಮಾತೂ ಮಿಠಾಯಿ ಇದ್ದ ಹಾಗಿತ್ತು. ನಿನ್ನ ಕೈಗೆ ಸಿಕ್ಕಿ ಗಂಜಿ ಆಯ್ತು.”

“ಅತ್ತೆ, ಕಟ್ಟೆ ಮುಚ್ಚಿದ್ರೆ ಮಿಠಾಯಿನೂ ಇಲ್ಲ, ಗಂಜಿನೂ ಇಲ್ಲ.”

“ಮುಚ್ಚಿದ್ರೆ ನಿನ್ನ ಕುರ್ಚಿ ಹೋಗುತ್ತೆ ಅನ್ನು.”

ಅದೂ ನಿಜವೇ. ಕಟ್ಟೆ ತಣ್ಣಗಾಗಿತ್ತು. ಸಾಹುಕಾರರು ಫೋನು ಮಾಡಿ, “ಏನಮ್ಮಾ ನಿನ್ನ ಕೈಗುಣ!” ಅಂದಿದ್ದರು. ಅಂಥ ಮಾತು ಅವಳ ಕೆಲಸಕ್ಕೆ ಈವರೆಗೆ ಯಾರೂ ಹೇಳಿರಲಿಲ್ಲ. ಆ ಹುಮ್ಮಸ್ಸಿನಲ್ಲೇ ಒಂದು ದಿನ ಅವಳು ನೇಮ ಮೀರಿದಳು. ಕೋಟು ಮಾಸ್ತರ ಒಂದು ಬರಹದಲ್ಲಿ ಬೈಗುಳ ಕತ್ತರಿಸುತ್ತ ಹೋದರೆ ಕೊನೆಗೆ ತೋಳೂ ಉಳಿಯಲಿಲ್ಲ, ಕಾಲರೂ ಉಳಿಯಲಿಲ್ಲ. ಖಾಲಿ ಕಳಿಸುವುದು ಹೇಗೆಂದು ಸ್ವಂತದ್ದೇ ಒಂದು ತೇಪೆ ಹಾಕಿದಳು: “ನಿಮ್ಮ ಕತ್ತರಿಯ ಮುಂದೆ ನನ್ನದೇನು.”

ಕೆಲವು ದಿನ ಕಳೆದು, ಅವಳು ಒಂದು ಜಿಪ್ಪಿನ ಜತೆ ಗುದ್ದಾಡುತ್ತಿದ್ದಾಗ, ಬಾಗಿಲಲ್ಲಿ ಒಬ್ಬ ಹಿರಿಯರು ನಿಂತರು. ಕಟ್ಟೆಯ ಫೋಟೋಗಳಲ್ಲಿ ಕಂಡಿದ್ದಂಥದೇ ಕೋಟಿನ ಭುಜ ನೋಡಿದ ಕೂಡಲೇ ಇದು ಯಾರ ಕೈ ಎಂದು ಅವಳಿಗೆ ಗೊತ್ತಾಯಿತು.

“ಮಾಡರೇಟರಮ್ಮ ಅಂದ್ರೆ ನೀವೇನಾ? ನೂಲಿನ ಸಾಹುಕಾರ್ರು ಅಡ್ರೆಸ್ ಕೊಟ್ರು. ನನ್ನನ್ನ ಕೋಟು ಮಾಸ್ತರು ಅಂತಾರೆ.”

“ಬನ್ನಿ ಬನ್ನಿ!” ಎಂದು ಅತ್ತೆ, ನೆಂಟರು ಬಂದಂತೆ ಅರಳಿದರು. “ಆ ಸ್ಟೂಲ್ ಮೇಲಿರೋ ಪ್ಯಾಂಟ್ ಆಚೆ ತಳ್ಳಿ ಕೂತ್ಕೊಳ್ಳಿ.”

ಅವರು ಕೂತು, ಕೈಲಿದ್ದ ಫ್ಲಾನಲ್ ಬಟ್ಟೆಯ ಸುರುಳಿ ಬಿಚ್ಚಿದರು. ಒಳಗೆ ಒಂದು ದೊಡ್ಡ ಕತ್ತರಿ. ಹೆಬ್ಬೆರಳ ಉಂಗುರದ ಒಳಬದಿ ಸವೆದು ಕನ್ನಡಿಯಾಗಿತ್ತು.

“ಇದನ್ನ ಫ್ರಾಕು ಮಾಸ್ತರಿಗೆ ತಲುಪಿಸ್ಬೇಕು. ನಾನು ಕೆಲಸ ಬಿಟ್ಟೆ.”

“ಯಾಕೆ ಮಾಸ್ತರೇ? ಏನಾಯ್ತು?”

“ತಲೆ ಕೈಕೊಡ್ತಿದೆ ಕಣಮ್ಮಾ.” ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಾನು ಬರೆಯೋದೊಂದು, ಆಮೇಲೆ ಓದಿದ್ರೆ ಅಲ್ಲಿರೋದೊಂದು. ಮೊದ್ಲು ಕನ್ನಡಕ ಬದಲಾಯಿಸ್ದೆ. ಆಮೇಲೆ ಫೋನ್ ಬದಲಾಯಿಸ್ದೆ. ಇನ್ನು ಬದಲಾಯಿಸೋಕೆ ಉಳಿದಿರೋದು ತಲೆ ಒಂದೇ. ಅವನನ್ನ ಚೆನ್ನಾಗಿ ಬೈದೆ ಅಂತ ನೆನಪಿರುತ್ತೆ, ನೋಡಿದ್ರೆ ಹೊಗಳಿರ್ತೀನಿ. ನಾನು! ಹೊಗಳೋದು! ಮದುವೆಯಾದ ಹೊಸದರಲ್ಲಿ ಹೆಂಡ್ತಿನೇ ಹೊಗಳಿದವನಲ್ಲ.”

ಅತ್ತೆ ನಗು ನುಂಗಿ ಕೆಮ್ಮಿದರು.

“ಅದಾದ್ರೂ ಹೋಗ್ಲಿ. ಈಗ ಅಳತೆ ತಗೊಂಡು ಬರ್ಕೊಂಡ್ರೆ ಅದರ ಮೇಲೂ ನಂಬಿಕೆ ಇಲ್ಲ. ಮತ್ತೆ ತಗೋತೀನಿ, ಮತ್ತೆ ತಗೋತೀನಿ. ಮೊನ್ನೆ ಒಬ್ಬ ಗಿರಾಕಿ, ‘ಮಾಸ್ತರೇ, ಕೋಟು ಹೊಲಿತೀರೋ, ಹೀಗೇ ತಬ್ಕೊಂಡು ನಿಂತಿರ್ತೀರೋ’ ಅಂತ ಕೇಳ್ದ.” ಅವರು ನಗಲಿಲ್ಲ. ಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿದರು. “ಬೆಲೆಬಾಳೋ ಬಟ್ಟೆ ನಂಬಿ ಕೊಡ್ತಾರೆ. ಅದಕ್ಕೆ ಮೊಂಡಾದ ತಲೆ ಇಟ್ಕೊಂಡು ಕತ್ತರಿ ಹಾಕ್ಬಾರ್ದು. ನನ್ನ ಮೇಲೆ ಇಷ್ಟು ಗೌರವ ಇಟ್ಕೊಂಡು ಬರೆಯೋನು ಅವನೊಬ್ಬನೇ. ಅವನೇ ಇಟ್ಕೊಳ್ಲಿ.”

ನಿಜ ಹೇಳಿದರೆ ಮಾಡರೇಟರ್ ಕುರ್ಚಿ ಅಲ್ಲೇ ಮಗುಚಿತು. ಕೈಗುಣವೂ ಹೋಯಿತು, ಕಾಯುವ ಮಾಸ್ತರರೂ ಹೋದರು. ಉಳಿಯುವುದು ಗಿಡ್ಡ ಮಾಡಬೇಕಾದ ಪ್ಯಾಂಟುಗಳು. ಹೇಳದಿದ್ದರೆ ಈ ಕತ್ತರಿ ಮಾಸ್ತರ ಕೈಗೆ ಮರಳುವುದಿಲ್ಲ.

“ವಯಸ್ಸಾದ ಮೇಲೆ ಮನಸ್ಸು ಮೆತ್ತಗಾಗೋದು ಸಹಜ ಅಲ್ವಾ ಮಾಸ್ತರೇ…” ಎಂದು ಶುರು ಮಾಡಿದಳು. ಇಲ್ಲೂ ಒಂದಿಷ್ಟು ಹಿಡಿದು, ಒಂದಿಷ್ಟು ಮಡಚುತ್ತಿದ್ದಳು.

ಅತ್ತೆ ಹೊಲಿಗೆ ಬಿಚ್ಚುವುದನ್ನು ನಿಲ್ಲಿಸಿದರು. ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ಮುಂದಿನ ಗೋಡೆಗೆ ಹೇಳುವಂತೆ, ಪಾಠ ಒಪ್ಪಿಸುವ ಧಾಟಿಯಲ್ಲಿ ಶುರು ಮಾಡಿದರು:

“‘ಇವನು ಕತ್ತರಿ ಹಿಡಿಯುವುದು ನೋಡಿದರೆ ಕ್ಷೌರದಂಗಡಿಯಿಂದ ಓಡಿಬಂದವನ ಹಾಗಿದೆ. ಇವನ ಫ್ರಾಕಿನ ಎಡಭಾಗಕ್ಕೂ ಬಲಭಾಗಕ್ಕೂ ಮಾತುಕತೆ ನಿಂತು ಬಹಳ ಕಾಲವಾಗಿದೆ.’”

ಕೋಟು ಮಾಸ್ತರು ಸ್ಟೂಲಿನಿಂದ ಅರ್ಧ ಎದ್ದರು.

“ಅದು… ಅದು ನಂದು! ನಾನು ಬರೆದದ್ದು! ಕಟ್ಟೆಯಲ್ಲಿ ಹುಡುಕಿದ್ರೆ ಇರ್ಲೇ ಇಲ್ಲ. ನಿಮಗೆ ಹೇಗೆ ಗೊತ್ತು ತಾಯೀ?”

“ನನಗೇನು, ಎಲ್ಲಾ ಬಾಯಿಪಾಠ. ‘ಇಸ್ತ್ರಿಪೆಟ್ಟಿಗೆಯ ಹಬೆ ಬಟ್ಟೆಗೆ ಹೋಗದೆ ಇವನ ಮೆದುಳಿಗೆ ಹೋಗಿದೆ’ ಅನ್ನೋದು ಹೇಳ್ಲಾ? ಅದು ನನಗೆ ಬಹಳ ಇಷ್ಟ.”

ಇನ್ನು ಮಡಚಲು ಬಟ್ಟೆ ಉಳಿದಿರಲಿಲ್ಲ.

“ನಾನೇ ಮಾಸ್ತರೇ ತಿದ್ದಿದ್ದು” ಅಂದಳು ಅವಳು, ನೆಲದ ದಾರದ ತುಂಡುಗಳನ್ನು ನೋಡುತ್ತ. “ನಿಮ್ದೂ, ಅವರ್ದೂ. ಒಂದನ್ನೂ ಬಿಟ್ಟಿಲ್ಲ.”

ಹೊರಗೆ ಬೀಗದವನು ಕಬ್ಬಿಣಕ್ಕೆ ಅರ ತಿಕ್ಕುವ ಸದ್ದು. ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು.

“ಅಂದ್ರೆ ನನ್ನ ತಲೆ ಸರಿಯಾಗಿದೆಯಾ?”

“ಸರಿಯಾಗಿದೆ.”

“ಫೋನೂ ಸರಿಯಾಗಿತ್ತಾ?”

“ಅದೂ ಸರಿಯಾಗಿತ್ತು.”

ಅವರ ಮುಖದ ಮೇಲೆ ನೆರಿಗೆಗಳೆಲ್ಲ ಇಸ್ತ್ರಿ ಹಾಕಿದಂತೆ ಇಳಿದವು. ಮರುಗಳಿಗೆಯೇ ಮತ್ತೆ ಎದ್ದವು. ಬೇರೆ ನೆರಿಗೆಗಳು.

“ಮತ್ತೆ ಆ ‘ನಿಮ್ಮ ಕತ್ತರಿಯ ಮುಂದೆ ನನ್ನದೇನು’? ಅದು ನಿಮ್ಮ ಬಾಯಿಂದ ಬಂದದ್ದಾ? ಅದನ್ನ ಜಗತ್ತೆಲ್ಲ ಓದಿದೆಯಲ್ಲಮ್ಮಾ! ನಾನು! ಅವನಿಗೆ! ಆ ಹಬೆಯವನಿಗೆ! ಈಗಿಂದೀಗ್ಲೇ ನನ್ನ ಬೈಗುಳ ನನಗೆ ವಾಪಸ್ ಕೊಡಿ!”

“ಕೊಟ್ರೆ ಸಾಹುಕಾರ್ರು ನನ್ನ ತೆಗೀತಾರೆ ಮಾಸ್ತರೇ.”

“ತೆಗೀಲಿ ಬಿಡು” ಅಂದರು ಅತ್ತೆ. “ಕೆಟ್ಟ ಹೊಲಿಗೆ ಮೇಲೆ ಇನ್ನೊಂದು ಹೊಲಿಗೆ ಹಾಕಿ ಸಾಕಾಯ್ತು. ಬಿಚ್ಚು.”

ತಿದ್ದಿದ ಪ್ರತಿ ಬರಹದ ಕೆಳಗೂ ‘ಮೂಲಕ್ಕೆ ಮರಳಿಸು’ ಎಂದಿತ್ತು. ಅವಳು ಒಂದೊಂದನ್ನೇ ಒತ್ತುತ್ತ ಹೋದಳು. ಮಾಸ್ತರು ಅವಳ ಹಿಂದೆ ಬಗ್ಗಿ ನಿಂತು, ಕಳೆದುಹೋದ ಮಕ್ಕಳನ್ನು ಒಬ್ಬೊಬ್ಬರಾಗಿ ಗುರುತು ಹಿಡಿಯುವವರಂತೆ, “ಇದು ನಂದು… ಹಾಂ, ಇದೂ ನಂದೇ… ಆಹಾ, ಇದು ಬರೆದಾಗ ಎಂಥಾ ಖುಷಿ ಇತ್ತು!” ಎಂದರು. ಫ್ರಾಕು ಮಾಸ್ತರ ಪೊಲೀಸರ ಮಾತು ಬಂದಾಗ ಕೆಂಪಾದರು. ಆಮೇಲೆ ತಮ್ಮ ಕೋಟಿನಲ್ಲೇ ಎರಡೂ ಕೈ ಎತ್ತಿ ಇಳಿಸಿ ನೋಡಿಕೊಂಡರು. “ಸುಳ್ಳ! ಎಷ್ಟು ಸಲೀಸಾಗಿ ಇಳಿಯುತ್ತೆ ನೋಡಿ!”

ಹೋಗುವಾಗ ಕತ್ತರಿಯನ್ನು ಯಾರೂ ಕೇಳುವ ಮೊದಲೇ ಫ್ಲಾನಲ್ಲಿನಲ್ಲಿ ಸುತ್ತಿ ಕಂಕುಳಿಗೆ ಸೇರಿಸಿದ್ದರು.

ಸಂಜೆಯ ಹೊತ್ತಿಗೆ ಕಟ್ಟೆ ಹೊತ್ತಿ ಉರಿಯುತ್ತಿತ್ತು. ಬಾಯಿಬಿಡದೆ ಮೂಲೆಯಲ್ಲಿದ್ದ ದರ್ಜಿಗಳೆಲ್ಲ ನೆನೆಸುವವರು, ಹಬೆಯವರು ಎಂದು ಎರಡು ಪಾಳೆಯವಾಗಿದ್ದರು. ತಾವು ಬರೆದದ್ದನ್ನು ಯಾವತ್ತೂ ತಿರುಗಿ ಓದದ, ಉತ್ತರಕ್ಕೆ ಮಾತ್ರ ಕಾಯುವ ಫ್ರಾಕು ಮಾಸ್ತರು ಬರೆದರು: “ಅಂತೂ ಮನುಷ್ಯ ಬದುಕಿದ್ದಾನೆ! ಇವನ ಸಕ್ಕರೆ ನೀರು ಕುಡಿದೂ ಕುಡಿದೂ ನನಗೆ ಬರೆಯುವ ಆಸೆಯೇ ಸತ್ತಿತ್ತು. ಈಗ ಕೇಳೋ ನೆನೆಸುವವನೇ…” ಅವಳು ಕಣ್ಣು ಮುಚ್ಚಿಕೊಂಡು ‘ಒಪ್ಪಿಗೆ’ ಒತ್ತಿದಳು.

ಸಾಹುಕಾರರ ಫೋನು ಬಂತು. “ಏನಮ್ಮಾ ಇದು?”

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ನಿನ್ನನ್ನ ತೆಗೆದ ಹಾಗೇ ಅಂದ್ಕೋ. ಆದ್ರೆ ಈ ಗಲಾಟೆ ಮಧ್ಯೆ ಯಾರು ಬರ್ತಾರೆ ಈ ಕೆಲಸಕ್ಕೆ? ಸ್ವಲ್ಪ ತಣ್ಣಗಾಗ್ಲಿ, ಆಮೇಲೆ ತೆಗೀತೀನಿ.”

ತಣ್ಣಗಾಗುವ ಲಕ್ಷಣ ಕಾಣಲಿಲ್ಲ. ಮರುದಿನ ಮಧ್ಯಾಹ್ನ ಸಾಲಿನಲ್ಲಿ ಕೋಟು ಮಾಸ್ತರ ಹೊಸ ಬರಹ ನಿಂತಿತ್ತು. “ಈ ಮಾಡರೇಟರಮ್ಮನಿಗೆ ಮಾತಾಡುವವರ ಬಾಯಿ ಹೊಲಿಯುವುದೊಂದು ಬಿಟ್ಟು ಬೇರೆ ಹೊಲಿಗೆ ಬರುವುದಿಲ್ಲ.” ಅದರ ಹಿಂದೆಯೇ ಫ್ರಾಕು ಮಾಸ್ತರದು. ಅವರೂ ಬೈಗುಳ ಹೋದದ್ದು ಎಲ್ಲಿಗೆಂದು ಅಷ್ಟರಲ್ಲಿ ತಿಳಿದುಕೊಂಡಿದ್ದರು. “ಅದನ್ನೂ ಸೊಟ್ಟಗೇ ಹೊಲಿಯುತ್ತಾಳೆ. ಈ ವಿಷಯದಲ್ಲಿ ಮಾತ್ರ ಕೋಟಿನವನ ಮಾತಿಗೆ ನನ್ನ ಒಪ್ಪಿಗೆ ಇದೆ.”

ಅವಳು ಅತ್ತೆಗೆ ಓದಿ ಹೇಳಿದಳು. ಓದುತ್ತಿದ್ದಂತೆ ಬೆರಳು ತನಗೆ ತಾನೇ ಮೂಲೆಯ ಗುಂಡಿಯ ಕಡೆ ಸರಿಯಿತು. ಸ್ವಲ್ಪವೇ ಸ್ವಲ್ಪ. ಆ ‘ಸೊಟ್ಟಗೇ’ ಒಂದನ್ನು ತೆಗೆದು ‘ನೇರವಾಗಿ’ ಅಂತ ಹಾಕಿದರೆ ಯಾರಿಗೆ ನಷ್ಟ?

“ಏನೇ, ಕೈ ಕೆರೀತಿದ್ಯಾ?” ಅಂದರು ಅತ್ತೆ, ತಲೆ ಎತ್ತದೆ.

ಅವಳು ಬೆರಳು ಹಿಂದಕ್ಕೆ ಎಳೆದು ಒಪ್ಪಿಗೆ ಒತ್ತಿದಳು. ಒಂದಕ್ಕೆ. ಇನ್ನೊಂದಕ್ಕೂ.

ಅತ್ತೆ ಬಿಚ್ಚುತ್ತಿದ್ದ ಪ್ಯಾಂಟನ್ನು ತೊಡೆಯ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು, ಕಿವಿಯನ್ನು ಅವಳ ಕಡೆಗೆ ತಿರುಗಿಸಿದರು.

“ಇನ್ನೊಂದ್ಸಲ ಓದೇ. ನಿಧಾನಕ್ಕೆ. ಬಾಯಿಪಾಠ ಮಾಡ್ಕೋಬೇಕು.”