ಹುಲ್ಲಿನಡಿ ಅಡಗಿದ ಓಣಿ

ಆಕಾಶದಾಗಿಂದ ಫೋಟೋ ಹೊಡಿಯಾಕ ಡ್ರೋನ್ ಬರತೈತಿ ಅಂತ ಸುದ್ದಿ ಬಂದದ್ದೇ ತಡ, ಹುಸೇನಮ್ಮ ಕುಡಗೋಲು ಹಿಡಕೊಂಡು ಮೂಸಿ ನದಿ ದಂಡಿಗೆ ನಡದಳು. ದಿನಾ ಹುಲ್ಲು ಕೊಯ್ದು ಎಮ್ಮಿ ತಬೇಲಾದವ್ರಿಗೆ ಕೊಡೋದು ಆಕಿ ಕೆಲಸ. ಅವತ್ತು ಮಾತ್ರ ಕೊಯ್ದ ಹುಲ್ಲೆಲ್ಲಾ ತನ್ನ ತಗಡಿನ ಮನಿ ಮ್ಯಾಲ ಹೇರಿದಳು. ಆಕೀನ್ನ ನೋಡಿ ಓಣಿಯವ್ರೂ ಹಂಗ ಮಾಡಿದ್ರು. ಮ್ಯಾಲಿಂದ ನೋಡಿದ್ರ ಅಲ್ಲೊಂದು ಓಣಿ ಐತಿ ಅನ್ನೋದ ಗೊತ್ತಾಗಬಾರದು, ಹಂಗ!

"ಯಾಕ ಇಷ್ಟು ತ್ರಾಸ ತಗೋತಿ?" ಅಂದ ಗಂಡ ಮೌನಪ್ಪ. ಶಂಶಾಬಾದ್ ಕಡೆ ಗೌಂಡಿ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ.

"ನಿನಗೇನ ಗೊತ್ತು? ನಮ್ಮೂರಿಗೂ ಹಿಂಗ ಅಳತಿ ಮಾಡಾಕ ಬಂದಿದ್ರು. ಆಮ್ಯಾಲ ಊರ ಉಳೀಲಿಲ್ಲ."

ಕೃಷ್ಣಾ ದಂಡಿ ಮ್ಯಾಗಿನ ಆಕಿ ತವರೂರು ಹಿನ್ನೀರಾಗ ಮುಳುಗಿ ಭಾಳ ವರ್ಷ ಆದುವು. ಶಹರದ ಹೊಲಸು ಹರದು ಮೂಸಿ ನಾರತೈತಿ ಅಂತ ಮಂದಿ ಮೂಗು ಮುಚ್ಚಿಕೊಂಡು ಹೋಗ್ತಾರ. ಹುಸೇನಮ್ಮಗ ಮಾತ್ರ ಹಸಿ ಹುಲ್ಲಿನ ವಾಸನಿ ಬಂದ್ರ ಸಾಕು, ತವರು ನೆನಪಾಗೋದು. ಅವ್ವ ಮಳಲಾಗ ಹಾಕಿದ ಸವತಿ ಬಳ್ಳಿ, ದಂಡಿ ಮ್ಯಾಗಿನ ಬಾರಿಗಿಡ. 

ಡ್ರೋನ್ ಬಂತು, ಹಾರಿತು, ಹೋತು. ಎರಡು ದಿನ ಬಿಟ್ಟು ಧನಶ್ರೀ ಬಂದಳು. ಕಲಬುರಗಿ ಹುಡುಗಿ, ತಾರ್ನಾಕದಾಗ ಓದಾಕತ್ತಾಳ, ನದಿ ದಂಡಿ ನಕಾಶೆ ಮಾಡೋ ತಂಡದಾಕಿ. ಕೈಯಾಗಿನ ಬಣ್ಣದ ಫೋಟೋ ನೋಡ್ತಾಳ, ಓಣಿ ನೋಡ್ತಾಳ.

"ಅವ್ವಾ, ಇದರಾಗ ಇಲ್ಲಿ ಬರೇ ಹುಲ್ಲ ಐತ್ರಿ. ನೀವೆಲ್ಲಿಂದ ಬಂದ್ರಿ?"

"ಹುಲ್ಲಾಗ ಹುಟ್ಟೀವಿ, ತಗೋ!" ಅಂದಳು ಹುಸೇನಮ್ಮ.

ಧನಶ್ರೀ ನಕ್ಕೋತ ಆಕಿ ಬಾಜೂಕ ಕುಂತಳು. "ನೋಡ್ರಿ, ಡ್ರೋನ್ ಹೊಡದ ಫೋಟೋಕ್ಕ ನಾವ ಬಣ್ಣ ಹಚ್ಚೀವಿ. ಹಸರು ಅಂದ್ರ ಗಿಡ, ಹುಲ್ಲು. ನೀಲಿ ಅಂದ್ರ ನೀರು. ಕೆಂಪು ಅಂದ್ರ ಮನಿ. ಮ್ಯಾಲಿನ ಡ್ಯಾಮಿನಿಂದ ನೀರು ಬಿಟ್ರ ಎಲ್ಲಿ ನುಗ್ಗತೈತಿ, ಯಾವ ಓಣಿಗೆ ಮೊದಲು ಓಡಿ ಹೋಗಿ ಹೇಳಬೇಕು ಅನ್ನೋದು ಇದನ್ನ ನೋಡೇ ಗೊತ್ತಾಗೋದು. ಹುಲ್ಲಿಗೆ ಹೋಗಿ ಯಾರು ಏಳ್ರಿ ಅಂತಾರ?"

ಹುಸೇನಮ್ಮ ತನ್ನ ಮನಿ ಕಡೆ ನೋಡಿದಳು. ಹೋದ ಮಳಿಗಾಲದಾಗ ನೀರು ಹೊಸ್ತಿಲ ತನಕ ಬಂದಿತ್ತು. ಆದ್ರೂ ಬಿಡಲಿಲ್ಲ. "ಇದನ್ನ ತೋರ್ಸಿ ನಮ್ಮನ್ನ ಎಬ್ಬಸಂಗಿಲ್ಲ ಅಂತ ಆಣಿ ಮಾಡ್ತಿಯೇನು?"

"ಸುಳ್ಳು ಆಣಿ ನಾ ಮಾಡಂಗಿಲ್ರಿ. ನಾವು ಇದನ್ನ ಮಾಡಾಕತ್ತಿದ್ದು ಪ್ರವಾಹದ ಸಲುವಾಗಿ. ಯಾರಿಗೆ ಹೋಗತೈತಿ, ಯಾತಕ್ಕ ಬಳಸ್ತಾರ, ಓಣಿಯವ್ರು ಕೂಡಿ ಕೇಳ್ರಿ. ಆದ್ರ ಅಡಗಿ ಕುಂತ್ರ, ನಾವು ಇಲ್ಲಿದ್ವಿ ಅನ್ನಾಕ ಸಾಕ್ಷಿನೂ ಇರಂಗಿಲ್ಲ."

ಹುಸೇನಮ್ಮ ಮೆಲ್ಲಕ ಕೇಳಿದಳು: "ನಮ್ಮೂರು ತೋರ್ಸತೈತೇನವಾ ನಿನ್ನ ಫೋನು?"

ಊರಿನ ಹೆಸರು ಕೇಳಿ ಧನಶ್ರೀ ಹುಡುಕಿದಳು. ಫೋನಿನ ತುಂಬಾ ನೀಲಿ. ಹುಸೇನಮ್ಮ ಅದರ ಮ್ಯಾಲ ಬೆರಳಿಟ್ಟಳು. "ಇಲ್ಲೇ ಎಲ್ಲೋ ನಮ್ಮವ್ವನ ಬಳ್ಳಿ ಇತ್ತು. ಮುಳುಗೂಕಿಂತ ಮೊದಲಿನ ಫೋಟೋ ಇಲ್ಲೇನು?"

"ನನ್ನ ಹಂತ್ಯಾಕ ಇಲ್ಲವ್ವಾ."

"ಒಂದು ಸಲ ನೋಡಿದ್ರ ಸಾಕಿತ್ತು" ಅಂತ ಹುಸೇನಮ್ಮ ಅತ್ತಳು. ಅತ್ತು, ಸೆರಗಿಲೆ ಮಾರಿ ಒರಸಿಕೊಂಡು ಎದ್ದು ಗಂಡಗ ಒದರಿದಳು: "ಏಣಿ ತಗೊಂಡು ಬಾ!"

ಬಾಡಿದ ಹುಲ್ಲೆಲ್ಲಾ ಎಳದು ಕೆಳಗ ಒಗದಳು. ಓಣಿಯವ್ರೂ ಹಂಗ ಮಾಡಿದ್ರು. ಎಮ್ಮಿಗೋಳಿಗೆ ಅವತ್ತು ಹಬ್ಬ. ಧನಶ್ರೀ ಜೋಡಿ ದಂಡಿಗುಂಟ ನಡದು, "ಇದನ್ನೂ ಹುಲ್ಲು ಮಾಡೀದಿ ನೋಡು. ಇದು ನೀರಿನ ಮ್ಯಾಲ ತೇಲೋ ಅಂತರಗಂಗಿ, ಕೆಳಗ ಆಳೆತ್ತರ ನೀರೈತಿ" ಅಂತ ತೋರಿಸಿದಳು. ಧನಶ್ರೀ ತಿದ್ದಿಕೊಂಡಳು.

ಮತ್ತ ಡ್ರೋನ್ ಬಂದಾಗ ಇಡೀ ಓಣಿ ಹೊರಗ ನಿಂತಿತ್ತು. ಮಳಿಗಾಲದಾಗ ನೀರು ಏರೂಕಿಂತ ಮೊದಲ ಮೈಕ್ ಹಿಡಕೊಂಡು ಮಂದಿ ಆ ಓಣಿಗೆ ಬಂದ್ರು. ಎಲ್ಲಾರೂ ಸಾಲಿ ಕಟ್ಟಡಕ್ಕ ಹೋಗಿ ಜೀವ ಉಳಿಸಿಕೊಂಡ್ರು.

ನದಿ ದಂಡಿ ಮ್ಯಾಗಿನ ಅಕ್ಕಂದಿರಾ, ಅಣ್ಣಂದಿರಾ, ನಿಮ್ಮ ಕಡೆನೂ ಡ್ರೋನ್ ಬಂದೀತು. ಯಾತಕ್ಕ ಅಂತ ಧೈರ್ಯಲೆ ಕೇಳ್ರಿ. ಮನಿ ಮುಚ್ಚಬ್ಯಾಡ್ರಿ. ಹುಲ್ಲು ಯಾವುದು, ಕೆಸರು ಯಾವುದು, ಮನಿ ಯಾವುದು, ನೀವೇ ಕೈ ಮಾಡಿ ತೋರಸ್ರಿ. ಹುಸೇನಮ್ಮನ ಗ್ವಾಡಿ ಮ್ಯಾಲ ಈಗ ಓಣಿ ಫೋಟೋ ಐತಿ, ಅದರಾಗ ಆಕಿ ಮನಿ ಒಂದು ಕೆಂಪು ಚುಕ್ಕಿ. ತವರಿನ ಫೋಟೋ ಮಾತ್ರ ಆಕಿಗೆ ಇನ್ನೂ ಸಿಕ್ಕಿಲ್ಲ. ನಿಮ್ಮ ಊರಿನ ಫೋಟೋ ಆದ್ರೂ ಇರಲಿ.