ಕಿಸೆ ಇಲ್ಲದ ಮೂವತ್ತೆಂಟು ಅಂಗಿ

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದಿನವೂ ಕೂತು ಹೊಲಿಯುತ್ತಿದ್ದರೂ ತಾನು ಅಲ್ಲಿದ್ದೇನೆಂದು ಮಾಸ್ತಪ್ಪನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಬಾಗಿಲಾಚೆ ಸೊರಬದ ಬಸ್ಸು ಹೋಗುತ್ತಿತ್ತು. ಸೌತೆಕಾಯಿ ಮಾರುವವಳು ಕೂಗುತ್ತಿದ್ದಳು. ಬಿಸಿಲು ಬಂದು ಮಿಷನ್ನಿನ ಮೇಲೆ ಸ್ವಲ್ಪ ಹೊತ್ತು ಕೂತು, ಎದ್ದು ಹೋಗುತ್ತಿತ್ತು. ಇದೆಲ್ಲ ಬೇರೆ ಯಾರೋ ಕಾಣುತ್ತಿರುವ ಕನಸು, ತಾನು ಅದರೊಳಗೆ ದಾರಿ ತಪ್ಪಿ ಬಂದವನು ಎನ್ನಿಸುತ್ತಿತ್ತು. ಹನ್ನೊಂದು ವರ್ಷ ಜೈಲಲ್ಲಿದ್ದವನಿಗೆ ಹಾಗೆ ಅನ್ನಿಸಿದರೆ ಅದೇನು ಅವನ ತಪ್ಪಲ್ಲ ಬಿಡಿ.

ತಪ್ಪು ಬೇರೆಯೇ ಇತ್ತು. ಬದುವಿನ ಜಗಳದಲ್ಲಿ ದೊಡ್ಡಪ್ಪನ ಮಗನ ಮೇಲೆ ಗುದ್ದಲಿ ಬೀಸಿದ್ದ. ಆತ ಮತ್ತೆ ಏಳಲಿಲ್ಲ. ಈಗ, ಶಿಕ್ಷೆ ಮುಗಿಯುತ್ತ ಬಂದವರನ್ನು ಹಗಲು ಕೆಲಸಕ್ಕೆ ಹೊರಗೆ ಬಿಟ್ಟು ಸಂಜೆ ಆರಕ್ಕೆ ಊರಿನ ಸಣ್ಣ ಜೈಲಿಗೆ ಸೇರಿಸಿಕೊಳ್ಳುವ ಏರ್ಪಾಡಿನಲ್ಲಿ, ಅವನನ್ನು ಟೈಲರ್ ವರದಮ್ಮನವರ ಅಂಗಡಿಗೆ ಕಳಿಸಿದ್ದರು. ಮೂರು ತಿಂಗಳು. ಪ್ರತಿ ಶನಿವಾರ ವರದಮ್ಮ ಒಂದು ಫಾರಂ ತುಂಬಬೇಕು. ಎಲ್ಲ ವಾರವೂ ಸರಿಯಿದ್ದರೆ ಬಿಡುಗಡೆ. ಒಂದು ವಾರ ಕೆಟ್ಟರೂ ದೊಡ್ಡ ಜೈಲಿಗೆ ವಾಪಸು, ಇನ್ನೊಂದು ವರ್ಷ. ಅವನ ತಾಯಿಯಿಲ್ಲದ ಮಗಳು ಕರುಣಾ ಚಂದ್ರಗುತ್ತಿಯ ಅಜ್ಜಿಮನೆಯಲ್ಲಿ ಬೆಳೆಯುತ್ತಿದ್ದಳು. ಜೈಲು ಮಗು ನೋಡುವ ಜಾಗವಲ್ಲ ಎಂದು ಅಜ್ಜಿ ಒಮ್ಮೆಯೂ ಕರೆತಂದಿರಲಿಲ್ಲ. ಅವಳನ್ನು ನೋಡಬೇಕಾದರೆ ಆ ಫಾರಂ ಚೆನ್ನಾಗಿರಬೇಕು. ವರದಮ್ಮನೋ, ಸುಳ್ಳು ಬರೆಯುವ ಕೈ ತನ್ನದಲ್ಲವೆಂದು ಮೊದಲ ದಿನವೇ ಹೇಳಿಬಿಟ್ಟಿದ್ದರು.

ಆ ವಾರ ಶಾಲೆಯ ಮಕ್ಕಳ ಅಂಗಿಗಳಿಗೆ ಬಟ್ಟೆ ಕತ್ತರಿಸಿಟ್ಟು ವರದಮ್ಮ ತಂಗಿಯ ಮೊಮ್ಮಗನ ತೊಟ್ಟಿಲಿಗೆಂದು ಸೊರಬಕ್ಕೆ ಹೋದರು. ಶುಕ್ರವಾರ ಮಧ್ಯಾಹ್ನ ಬಂದು ನೋಡಿದರೆ ಮೂವತ್ತೆಂಟು ಅಂಗಿಯೂ ಸಿದ್ಧ, ಇಸ್ತ್ರಿಯೂ ಆಗಿದೆ. ಕಾಲರು ನೋಡಿ ಮೆಚ್ಚಿದರು, ಕಾಜಾ ನೋಡಿ ಮೆಚ್ಚಿದರು. ಆಮೇಲೆ ಒಂದನ್ನು ಬಿಡಿಸಿ ಬೆಳಕಿಗೆ ಹಿಡಿದರು.

"ಮಾಸ್ತಪ್ಪಾ, ಕಿಸೆ ಎಲ್ಲೈತೋ?"

ಮಾಸ್ತಪ್ಪ ಅಂಗಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಅವನ ಕಣ್ಣಿಗೆ ಅದರಲ್ಲಿ ಏನೂ ಕಡಿಮೆ ಕಾಣಲಿಲ್ಲ. ಅವನಿದ್ದ ಜೈಲಿನ ಅಂಗಿಗೆ ಕಿಸೆ ಇರುವುದಿಲ್ಲ, ಅಂಥವನ್ನು ಅವನು ಸಾವಿರಗಟ್ಟಲೆ ಹೊಲಿದಿದ್ದ. ವರದಮ್ಮ ಕತ್ತರಿಸಿ ದಾರ ಕಟ್ಟಿಟ್ಟಿದ್ದ ಕಿಸೆಯ ತುಂಡುಗಳು ಚಿಂದಿ ಚೀಲದಲ್ಲಿ ಸಿಕ್ಕವು. ಮಿಷನ್ ಒರೆಸಲು ಬರುತ್ತವೆಂದು ಅವನೇ ಎತ್ತಿಟ್ಟಿದ್ದ. ಮಕ್ಕಳು ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಶಾಲೆಗೆ ಹೋಗಲೇನು ಎಂದು ವರದಮ್ಮ ನಕ್ಕರು. ಮಾಸ್ತಪ್ಪನಿಗೆ ನಗು ಬರಲಿಲ್ಲ. ಮರುದಿನವೇ ಶನಿವಾರ.

ಕಿಸೆ ಕೂರಿಸಲು ಕೂತ. ಮಿಷನ್ನಿನ ಸದ್ದು ಮೊದಲು ದೂರವಾಯಿತು, ಆಮೇಲೆ ಓಣಿ ದೂರವಾಯಿತು. ಒಂದೊಂದು ಕಿಸೆ ಮುಗಿದಾಗಲೂ ಅದರೊಳಗೆ ಬೆರಳು ಇಳಿಸಿ ತಳ ಮುಟ್ಟಿ ನೋಡುತ್ತಿದ್ದ. ಒಂದರಲ್ಲಿ ಹುಣಸೆಬೀಜ ಸಿಕ್ಕಿತು. ಒಂದರಲ್ಲಿ ಕಚ್ಚಿಟ್ಟ ಪೇರಲೆ. ಇನ್ನೊಂದರಲ್ಲಿ ಬಂದಳಿಕೆಯ ಗುಡಿಯ ಹತ್ತಿರ ಆರಿಸಿದ ನುಣುಪು ಕಲ್ಲು, ಇನ್ನೂ ಬೆಚ್ಚಗಿತ್ತು. ಇವೆಲ್ಲ ಅಲ್ಲಿರಲು ಸಾಧ್ಯವಿಲ್ಲವೆಂದು ಅವನಿಗೆ ಗೊತ್ತಿತ್ತು, ಆದರೂ ಒಂದೊಂದನ್ನೂ ಜೋಪಾನವಾಗಿ ಅಲ್ಲೇ ಬಿಟ್ಟು ಮುಂದಿನ ಅಂಗಿ ಎತ್ತಿಕೊಂಡ. ಇಪ್ಪತ್ತನೆಯದಕ್ಕೋ ಇಪ್ಪತ್ತೊಂದನೆಯದಕ್ಕೋ ಬೆರಳು ಇಳಿಸಿದಾಗ ಒಳಗೆ ಆಗಲೇ ಒಂದು ಪುಟ್ಟ ಕೈ ಇತ್ತು.

ಕಾಲು ನಿಂತಿತು. ಮಿಷನ್ನೂ ನಿಂತಿತು.

ಆಗೆಲ್ಲ ಹೊಲದಿಂದ ಬಂದೊಡನೆ ಮೂರು ವರ್ಷದ ಕರುಣಾ ತೊಡೆಯೇರಿ ಅವನ ಕಿಸೆಗೆ ಕೈ ಹಾಕುತ್ತಿದ್ದಳು. ಜಗಳವಾದ ಆ ದಿನವೂ ಅವಳಿಗೆಂದು ತಿನ್ನಲು ತೆಗೆದುಕೊಂಡಿದ್ದ. ಆ ಅಂಗಿಯನ್ನು ಪೊಲೀಸರು ಬಿಚ್ಚಿಸಿಕೊಂಡರು. ಕೋರ್ಟಿನಲ್ಲಿ ಪೊಲೀಸರು ವಶಪಡಿಸಿಕೊಂಡ ಮುದ್ದೆಮಾಲಿನ ಪಟ್ಟಿ ಓದುವಾಗ ಗುಮಾಸ್ತ ಗುದ್ದಲಿಯ ನಂತರ ಅದನ್ನೂ ಓದಿದ: ರಕ್ತದ ಕಲೆಯಿರುವ ಅಂಗಿ ಒಂದು, ಕಿಸೆಯಲ್ಲಿ ಪೆಪ್ಪರಮೆಂಟು ಎರಡು. ಕಿಸೆ ಎನ್ನುವುದೊಂದು ಇದೆ ಎಂಬುದನ್ನೇ ಅವನು ಅವತ್ತು ಮನಸ್ಸಿನಿಂದ ಕಿತ್ತು ಹಾಕಿದ್ದ. ಈಗ ಅಳು ತಡೆಯಲಾಗಲಿಲ್ಲ. ವರದಮ್ಮ ಕತ್ತರಿ ಕೆಳಗಿಟ್ಟು ಏನೆಂದು ಕೇಳಿದರು. ಅವನು ಎಲ್ಲವನ್ನೂ ಹೇಳಿದ. ಆರು ಗಂಟೆಯೊಳಗೆ ಮೂವತ್ತೆಂಟೂ ಮುಗಿದವು.

ಶನಿವಾರ ಫಾರಂ ಒಯ್ಯಲು ಬಂದ ಜೈಲಿನ ವಾರ್ಡರ್ ಮಹೇಶ್ವರಪ್ಪನಿಗೆ ಏನು ಸಿಕ್ಕಿದರೂ ಗಟ್ಟಿಯಾಗಿ ಓದುವ ಚಾಳಿ. ವರದಮ್ಮ ಬರೆಯುತ್ತಿದ್ದಾಗ ಮಾಸ್ತಪ್ಪನಿಗೆ ಬೇಡಿಕೊಳ್ಳಬೇಕು ಅನ್ನಿಸಿತು. ಆದರೆ ಬೇಡಲಿಲ್ಲ. ಮಹೇಶ್ವರಪ್ಪ ಓದತೊಡಗಿದ: ತಪ್ಪು, ಮೂವತ್ತೆಂಟು ಅಂಗಿಗೆ ಕಿಸೆ ಇಡುವುದನ್ನು ಮರೆತಿದ್ದಾನೆ. ಮಾಸ್ತಪ್ಪ ಕಣ್ಣು ಮುಚ್ಚಿದ. ಮಹೇಶ್ವರಪ್ಪ ಓದುತ್ತಲೇ ಇದ್ದ: ತಾನೇ ಕೂತು ಎಲ್ಲವನ್ನೂ ಸರಿಮಾಡಿದ್ದಾನೆ. ಕೆಲಸಕ್ಕೆ ಇವನೇ ಬೇಕು. ಕೋರಿಕೆ, ಇವನ ಮಗಳನ್ನು ಒಂದು ದಿನ ಅಂಗಡಿಗೆ ಕರೆಸಲು ಅನುಮತಿ ಕೊಡಬೇಕು, ಚೂಡಿದಾರಕ್ಕೆ ಅಳತೆ ತೆಗೆಯುವುದಿದೆ.

ಇಷ್ಟಕ್ಕೆಲ್ಲ ಯಾರನ್ನೂ ವಾಪಸು ಕಳಿಸುವುದಿಲ್ಲ, ಕೋರಿಕೆಯನ್ನು ಸಾಹೇಬರಿಗೆ ತಾನೇ ಮುಟ್ಟಿಸುತ್ತೇನೆ ಎಂದು ಮಹೇಶ್ವರಪ್ಪ ಕಾಗದ ಮಡಚಿದ. ವರದಮ್ಮ ಆಗಲೇ ಕಪಾಟಿನಿಂದ ಒಂದು ಹಳದಿ ಬಟ್ಟೆ ಎಳೆದಿದ್ದರು.

"ಎಷ್ಟ್ ಮೀಟರ್ ತೆಗ್ದಿಡ್ಲಿ? ಹುಡುಗಿ ಎಷ್ಟ್ ಎತ್ತರ ಅದಾಳೆ?"

"ಇಷ್ಟ್ ಇದಾಳೆ, ಅಮ್ಮಾ," ಎಂದು ಮಾಸ್ತಪ್ಪ ಸೊಂಟಕ್ಕಿಂತ ಕೆಳಗೆ ಅಂಗೈ ಚಾಚಿ ತೋರಿಸಿದ.

ವರದಮ್ಮ ಬಟ್ಟೆ ಕೆಳಗಿಟ್ಟರು. ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ಎತ್ತಿದರು. ಸೊಂಟ ದಾಟಿತು, ಎದೆ ದಾಟಿತು. ಭುಜದ ಸಮಕ್ಕೆ ಬಂದಾಗ ಬಿಟ್ಟರು. ಮಾಸ್ತಪ್ಪ ಕೈ ಇಳಿಸದೆ, ಆ ಎತ್ತರವನ್ನು ನೋಡುತ್ತ ನಿಂತ.