ಕತ್ತಲಲ್ಲಿ ಹೇಗೆ ಗುರುತಿಸಿದಿರಿ?

ಕಿವಿಯ ಮೇಲಿನ ಹೆಡ್‌ಫೋನು ಬೆವರುತ್ತಿದೆ, ಆರೋಪಿಯ ವಕೀಲನ ತುಟಿ ಆಡಿ ನಿಂತ ಮೇಲೆ ಅನುವಾದಕಿಯ ದನಿ ನಮ್ಮ ಬೋಸ್ನಿಯದ ಮಾತಿನಲ್ಲಿ ಬರುತ್ತದೆ, ಎಳೆ ದನಿ — ಕೋಣೆ ಕತ್ತಲಾಗಿತ್ತು ಎಂದು ನೀವೇ ಹೇಳಿದ್ದೀರಿ, ಅಲ್ಲವೇ? ಹೌದು, ಹಾಡಹಗಲಲ್ಲೇ ಕತ್ತಲು, ಕಿಟಕಿಗೆ ಕಂಬಳಿ ಬಡಿದಿದ್ದರು, ಯುದ್ಧದಲ್ಲಿ ಸೈನಿಕರು ಯಾರನ್ನೋ ಓಡಿಸಿ ಹಿಡಿದ ಮನೆ, ಒಳಗೆ ನಾವು ಏಳು ಹೆಂಗಸರು — ಯುದ್ಧಾಪರಾಧಗಳ ನ್ಯಾಯಾಲಯವಿರುವ ಈ ಹೇಗ್ ನಗರದಲ್ಲಿ ನನಗೆ ಹೆಸರಿಲ್ಲ, ಸಾಕ್ಷಿ ಅರವತ್ತೆರಡು, ಅಷ್ಟೇ, ಆದರೆ ಹತ್ತು ಹೆಜ್ಜೆ ಆಚೆ ಆರೋಪಿಯ ಜಾಗದಲ್ಲಿ ಕೂತ ರಾದೆಂಕೊಗೆ ನಾನು ಮುನೆವೆರಾ, ಗಿರಣಿಯ ಬಸ್ಸು ಓಡಿಸುತ್ತಿದ್ದವನು, ಸೇತುವೆಯ ಹತ್ತಿರ ಹಾರ್ನ್ ಹೊಡೆದು ಬಾರೇ ನಿದ್ದೆಬುರುಕಿ, ನಿನಗೋಸ್ಕರ ಗಿರಣಿ ಕಾಯತ್ತಾ ಅನ್ನುತ್ತಿದ್ದ, ಬಂದೆ ಚಿಕ್ಕಪ್ಪಾ ಎಂದು ಓಡುತ್ತಿದ್ದೆ, ಚಿಕ್ಕಪ್ಪಾ ಎಂದ ಬಾಯಿ ಇದೇ — ಮುಖ ನೋಡಿದಿರಾ? ಇಲ್ಲ. ಬೇರೆ ಯಾರಾದರೂ ನೋಡಿದರೇ? ಅಕ್ಕ ನೋಡಿದ್ದಳು, ದೆವ್ಲೆತಾ, ಗೋಡೆಗೊರಗಿ ನನ್ನ ಕೈ ಹಿಡಿದಿದ್ದಳು, ಹೋದ ವಾರ ವಿಮಾನ ಹತ್ತಿಸುವಾಗಲೂ ಹಾಗೇ ಹಿಡಿದಳು, ಇಬ್ಬರದನ್ನೂ ಹೇಳಿ ಬಾ ಕಣೇ, ನನ್ನ ಹೆಸರೊಂದು ಎತ್ತಬೇಡ, ನನ್ನ ಮಕ್ಕಳಿಗೆ ಗೊತ್ತಿಲ್ಲ ಎಂದಳು. ಹೆಸರು ನಾಲಗೆಯ ತುದಿಗೆ ಬಂದಿದೆ, ಅದೊಂದು ಹೇಳಿದರೆ ಈ ವಕೀಲ ಕೂತುಬಿಡುತ್ತಾನೆ, ಹೇಳದಿದ್ದರೆ ರಾದೆಂಕೊ ಮನೆಗೆ ಹೋಗುತ್ತಾನೇನೋ — ನೋಡಿದವರಿದ್ದಾರೆ, ಹೆಸರು ಹೇಳಲಾರೆ ಎನ್ನುತ್ತೇನೆ, ವಕೀಲನ ಮುಖದಲ್ಲಿ ಸಣ್ಣ ನಗೆ, ಹಾಗಾದರೆ ಮುಖ ಕಾಣದ ಕತ್ತಲಲ್ಲಿ ಹೇಗೆ ಗುರುತಿಸಿದಿರಿ? ನ್ಯಾಯಾಧೀಶೆ ಮುಂದಕ್ಕೆ ಬಾಗಿ, ಅವಸರವಿಲ್ಲಮ್ಮ, ನಿಧಾನವಾಗಿ ಹೇಳಿ. ಹೇಳುತ್ತೇನೆ, ಯಾರಿಗೂ ಹೇಳಿಲ್ಲ, ಅಕ್ಕನಿಗೂ — ಬಾಗಿಲು ತೆರೆದಾಗ ಬೆಳಕು ನೆಲದ ಮೇಲೆ ಬಿತ್ತು, ನಾನು ತಲೆ ಎತ್ತಿರಲಿಲ್ಲ, ಉಳಿದವರೆಲ್ಲ ಬೂಟಿನಲ್ಲೇ ನುಗ್ಗಿದರು, ಇವನೊಬ್ಬ ನಮ್ಮೂರಿನವರ ಹಾಗೆ ಹೊಸ್ತಿಲಲ್ಲಿ ಬೂಟು ಬಿಚ್ಚಿ ಸಾಲಾಗಿಟ್ಟು ಬಂದ, ಕಾಲಲ್ಲಿ ಬೂದು ಉಣ್ಣೆಯ ಕಾಲುಚೀಲ, ನಮ್ಮಮ್ಮ ಹೆಣೆದದ್ದು, ಎಡಗಾಲಿನದಕ್ಕೆ ನೂಲು ಸಾಲದೆ ತುದಿಗೆ ಕೆಂಪು ಹಾಕಿದ್ದಳು, ತಗೋಳಪ್ಪ ರಾದೆಂಕೊ, ಚಳಿಯಲ್ಲಿ ನನ್ನ ಮಕ್ಕಳನ್ನ ಜೋಪಾನವಾಗಿ ಕರಕೊಂಡು ಹೋಗ್ತೀಯಲ್ಲ ಎಂದು ಕೊಟ್ಟಿದ್ದಳು — ವಕೀಲ ಹಾಳೆ ಮಗುಚಿದ, ಇನ್ನು ಪ್ರಶ್ನೆಗಳಿಲ್ಲ ಎಂದು ಕೂತ, ಮೂರು ದಿನದಿಂದ ನೆಟ್ಟಗೆ ಕೂತಿದ್ದ ರಾದೆಂಕೊ ತಲೆ ತಗ್ಗಿಸಿದ, ಗೆದ್ದೆನೇ, ಗೊತ್ತಿಲ್ಲ, ನೀರು ಬೇಕೇ ಎಂದು ಯಾರೋ ಕೇಳುತ್ತಿದ್ದಾರೆ, ಕಣ್ಣು ಮುಚ್ಚಬಾರದು, ಮುಚ್ಚಿದಾಗಲೆಲ್ಲ ಅದೇ, ಎಂಟು ವರ್ಷದಿಂದ ಅದೇ, ಜಮಖಾನೆಯ ಮೇಲೆ ಸದ್ದಿಲ್ಲದೆ ಬರುವ ಎರಡು ಕಾಲು, ಒಂದರ ತುದಿ ಕೆಂಪು, ಅಮ್ಮನ ಕೆಂಪು, ಇನ್ನೂ ಒಂದು ಹೆಜ್ಜೆ, ಕೆಂಪು —